ದೀಪಾವಳಿಗೊಂದು ಸಭೆ, ಯುಗಾದಿಗೊಂದು ಸಭೆ



ಪ್ರಾಥಮಿಕ ಶಿಕ್ಷಣಕ್ಕೆ ಸಂಬಂಧಿಸಿದ ಯಾವ ವಿಷಯವನ್ನಾದರೂ ಆರಿಸಿಕೊಳ್ಳಬಹುದು ಎಂದು ಸಂಘಟಕರು ಹೇಳಿದಾಗ ನಾನು ಪಾಲಕರನ್ನು ಆರಿಸಿಕೊಂಡೆ. ಅದರಲ್ಲೂ ಶಾಲೆಯ ಅರ್ಧ ವರ್ಷ ಊರಲ್ಲೇ ಇರದ ಪಾಲಕರನ್ನು. ನಮ್ಮ ತರಬೇತಿಗಳಲ್ಲಿ, ಸಭೆಗಳಲ್ಲಿ, ಕ್ಲಸ್ಟರ್ ಮಟ್ಟದ ವರದಿಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: "ಪಾಲಕರಿಗೆ ಆಸಕ್ತಿ ಇಲ್ಲ." ಇವತ್ತಿನ ನನ್ನ ಉಪನ್ಯಾಸ ಈ ಒಂದು ವಾಕ್ಯಕ್ಕೆ ಉತ್ತರ. ಗುಳೆ ಹೋಗುವ ತಂದೆ-ತಾಯಿಗೆ ಮಕ್ಕಳ ಓದಿನ ಬಗ್ಗೆ ಆಸಕ್ತಿ ಇದೆ. ಅವರಿಗೆ ಆಗಿಬರುವ ಹೊತ್ತಿನಲ್ಲಿ, ತಿಳಿಯುವ ಭಾಷೆಯಲ್ಲಿ ಶಾಲೆ ಅವರನ್ನು ಕರೆಯುತ್ತಿಲ್ಲ. ಇಷ್ಟನ್ನು ಶಿಕ್ಷಕರಾದ ನಿಮಗೆ ಮನವರಿಕೆ ಮಾಡಿಕೊಡಲು ಸಾಧ್ಯವಾದರೆ ನಾನು ಬಂದ ಕೆಲಸ ಆದಂತೆ.

ನಮ್ಮ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲ್ಲೂಕುಗಳು ಒಡೆದು ಈಗ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಎಂಬ ಹೊಸ ತಾಲ್ಲೂಕುಗಳೂ ಆಗಿವೆ. ಗುಳೆಯ ಮಾತು ಬಂದಾಗ ಹಳೆಯ ನಾಲ್ಕು ಹೆಸರೇ ಸಾಕು. ಪ್ರಾದೇಶಿಕ ಅಸಮತೋಲನ ಕುರಿತು ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ನಾವು ಹಿಂದುಳಿದವರ ಪಟ್ಟಿಯಲ್ಲಿದ್ದೆವು. ಭೀಮೆಯ ಆಚೆ ದಂಡೆಯ ಅಫಜಲಪುರಕ್ಕೆ 2013ರಲ್ಲಿ ಸಂವಿಧಾನದ 371(ಜೆ) ವಿಧಿಯ ಸವಲತ್ತು ಬಂತು, ಈಚೆ ದಂಡೆಯ ಸಿಂದಗಿ, ಇಂಡಿಗಳಿಗೆ ಬರಲಿಲ್ಲ. ನೀರಿಲ್ಲದ ಎರೆಹೊಲ, ಹಿಂಗಾರಿಯ ಬಿಳಿಜೋಳ ಒಂದನ್ನೇ ನಂಬಿದ ಬದುಕು, ತುಂಡುತುಂಡಾದ ಹಿಡುವಳಿ. ಮಳೆ ಕೈಕೊಟ್ಟ ವರ್ಷ ಸೊಲ್ಲಾಪುರದ ರೈಲು, ವಾಸ್ಕೋದ ಬಸ್ಸು ತುಂಬುತ್ತವೆ. ಮಳೆ ಚೆನ್ನಾಗಿ ಬಂದ ವರ್ಷವೂ ಅವು ಖಾಲಿಯೇನೂ ಹೋಗುವುದಿಲ್ಲ.

ಹೋಗುವವರೆಲ್ಲ ಒಂದೇ ಕಡೆ ಹೋಗುವುದಿಲ್ಲ. ಲಂಬಾಣಿ ತಾಂಡಾದವರು ಹೆಚ್ಚಾಗಿ ಸಾಂಗಲಿ, ಕೊಲ್ಹಾಪುರ ಕಡೆಯ ಕಬ್ಬಿನ ಸೀಮೆಗೆ. ಮುದ್ದೇಬಿಹಾಳ, ತಾಳಿಕೋಟೆ ಭಾಗದ ಎಷ್ಟೋ ಮನೆಗಳು ಗೋವಾಕ್ಕೆ. ಕಟ್ಟಡದ ಕೆಲಸ ಬಲ್ಲವರು ಪುಣೆ, ಬೆಂಗಳೂರು, ಮಂಗಳೂರು, ಉಡುಪಿಗೆ. ಅವರಲ್ಲಿ ಲಂಬಾಣಿಗರಿದ್ದಾರೆ, ವಡ್ಡರಿದ್ದಾರೆ, ದಲಿತರಿದ್ದಾರೆ, ಮನೆಯಲ್ಲಿ ದಖನಿ ಮಾತಾಡುವ ಮುಸಲ್ಮಾನರಿದ್ದಾರೆ, ಎರಡೆಕರೆ ಒಣ ಭೂಮಿ ಇರುವ ಲಿಂಗಾಯತರೂ ಕುರುಬರೂ ಇದ್ದಾರೆ. ನಮ್ಮ ಕಡತಗಳಲ್ಲಿ ಇವರೆಲ್ಲ ಸೇರಿ "ವಲಸೆ ಕುಟುಂಬ" ಎಂಬ ಒಂದೇ ಕಾಲಮ್ಮು. ಕಬ್ಬಿಗೆ ಹೋದವರು ಆರು ತಿಂಗಳಿಗೆ ಮರಳುತ್ತಾರೆ, ಗೋವಾಕ್ಕೆ ಹೋದವರು ಹಬ್ಬಕ್ಕೆ, ಜಾತ್ರೆಗೆ, ಮೊಹರಮ್ಮಿಗೆ ಬಂದು ಹೋಗುತ್ತಾರೆ, ಕಟ್ಟಡದವರು ಕೆಲಸ ಮುಗಿದಾಗ. ಇವರೆಲ್ಲರನ್ನೂ ಒಂದೇ ತಾರೀಖಿಗೆ, ಒಂದೇ ನೋಟಿಸಿನಿಂದ ಕರೆದರೆ ಯಾರೂ ಬರುವುದಿಲ್ಲ.

ಕಬ್ಬಿನವರ ಕ್ಯಾಲೆಂಡರನ್ನೇ ನೋಡಿ. ಶಾಲೆ ಜೂನ್ ಹೊತ್ತಿಗೆ ತೆರೆಯುತ್ತದೆ. ದಸರೆ ರಜೆ ಮುಗಿದು ಎರಡನೆಯ ಅವಧಿ ಶುರುವಾಗುವ ಹೊತ್ತಿಗೆ ಕಾರ್ಖಾನೆಗಳ ಹಂಗಾಮು ಶುರು. ಕಬ್ಬು ಮುಗಿದು ಊರಿಗೆ ಮರಳುವುದು ಯುಗಾದಿಯ ಸುಮಾರಿಗೆ, ಅಂದರೆ ವಾರ್ಷಿಕ ಪರೀಕ್ಷೆಯ ಹೊಸ್ತಿಲಲ್ಲಿ. ಏಪ್ರಿಲ್ ಹತ್ತಕ್ಕೆ ಶಾಲೆ ಮುಚ್ಚುತ್ತದೆ. ಶಾಲೆಯ ಅರ್ಧ ವರ್ಷವೂ ಕಬ್ಬಿನ ಹಂಗಾಮೂ ಒಂದರ ಮೇಲೊಂದು ಕೂತಿವೆ. ಹೀಗಿರುವಾಗ ಡಿಸೆಂಬರಿನಲ್ಲೋ ಜನವರಿಯಲ್ಲೋ ಪಾಲಕರ ಸಭೆ ಇಟ್ಟು "ಹಾಜರಾತಿ ಕಡಿಮೆ" ಎಂದು ನಡಾವಳಿ ಪುಸ್ತಕದಲ್ಲಿ ಬರೆಯುವುದು ನ್ಯಾಯವಲ್ಲ.

ತಾಂಡಾ ಖಾಲಿಯಾಗುವ ದಿನವನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ನಸುಕಿನಲ್ಲಿ ಟ್ರ್ಯಾಕ್ಟರು ಬಂದು ನಿಲ್ಲುತ್ತದೆ, ಅದರ ಹಿಂದೆ ಎರಡು ಟ್ರೇಲರು. ಜೋಳದ ಚೀಲ, ರೊಟ್ಟಿ ಹಂಚು, ಕೊಡ, ತಾಡಪತ್ರಿ, ಕೌದಿಯ ಗಂಟು, ಕಾಲು ಕಟ್ಟಿದ ಕೋಳಿ, ಒಂದೆರಡು ಆಡು, ಎಲ್ಲದರ ಮೇಲೆ ಮಕ್ಕಳು. ಅವರಲ್ಲೊಬ್ಬ ಸಮವಸ್ತ್ರದ ಅಂಗಿಯಲ್ಲೇ ಕೂತಿರುತ್ತಾನೆ, ಏಕೆಂದರೆ ಅವನಿಗಿರುವ ಗಟ್ಟಿ ಅಂಗಿ ಅದೊಂದೇ. ಹತ್ತು-ಹನ್ನೊಂದು ವರ್ಷದ ಹುಡುಗಿಯೊಬ್ಬಳ ತೊಡೆಯ ಮೇಲೆ ಕೂಸು. ಅವ್ವ ಕಬ್ಬು ಕಡಿಯುವಾಗ ಆ ಕೂಸನ್ನು ಹಿಡಿಯಲಿಕ್ಕೆಂದೇ ಅವಳು ಶಾಲೆ ಬಿಟ್ಟು ಹೊರಟಿದ್ದಾಳೆ. ಕೂಲಿಯವರನ್ನು ಕರೆದೊಯ್ಯುವ ಮುಕಾದಮ ಮುಂಗಡವಾಗಿ ಕೊಟ್ಟ ಉಚಲು ಗಂಡ-ಹೆಂಡತಿ ಜೋಡಿಗೆ, ಆ ಜೋಡಿಗೆ ಕೊಯ್ತಾ ಎಂದು ಹೆಸರು. ಉಚಲಿನ ಲೆಕ್ಕದಲ್ಲಿ ಈ ಹುಡುಗಿ ಇಲ್ಲವೇ ಇಲ್ಲ, ಆದರೆ ಅವಳಿಲ್ಲದಿದ್ದರೆ ಜೋಡಿಯಲ್ಲಿ ಒಂದು ಕೈ ಕಡಿಮೆ. ಹತ್ತು ಗಂಟೆಗೆ ಮಾಸ್ತರರು ಹಾಜರಿ ಕರೆದಾಗ ಅವಳ ಹೆಸರಿಗೆ ಉತ್ತರ ಬರುವುದಿಲ್ಲ.

ಈಗ ಇನ್ನೊಂದು ಮನೆ ನೋಡೋಣ. ಇಲ್ಲಿ ತಂದೆ-ತಾಯಿ ಹೋಗಿದ್ದಾರೆ, ಮಕ್ಕಳನ್ನು ಆಯಿ-ಮುತ್ಯಾನ ಹತ್ತಿರ ಬಿಟ್ಟಿದ್ದಾರೆ. ಇದರ ಬೆಲೆ ಏನೆಂದು ನಾವು ಯೋಚಿಸಿದ್ದೇವೆಯೇ? ಕೂಸು ನೋಡುವ ಕೈ ಇಲ್ಲದೆ ತಾಯಿ ಕಡಿಯುವ ಕಬ್ಬು ಕಡಿಮೆಯಾಗುತ್ತದೆ, ಉಚಲು ತೀರುವುದು ತಡವಾಗುತ್ತದೆ. ಊರಿಗೆ ಪ್ರತ್ಯೇಕ ಖರ್ಚು ಕಳಿಸಬೇಕು. ಏಳೆಂಟು ವರ್ಷದ ಮಗುವಿನ ಮುಖ ಆರು ತಿಂಗಳು ನೋಡದೆ ಇರಬೇಕು. ಇಷ್ಟೆಲ್ಲ ತಡೆದುಕೊಂಡು ಮಗುವನ್ನು ಊರಲ್ಲಿ ಬಿಟ್ಟದ್ದು ಯಾಕೆ? ಶಾಲೆ ತಪ್ಪಬಾರದೆಂದು. ಶಾಲೆಗಾಗಿ ಒಬ್ಬ ತಾಯಿ ಇದಕ್ಕಿಂತ ದೊಡ್ಡದನ್ನು ಏನು ಮಾಡಬಲ್ಲಳು? ನಮ್ಮ ನಮೂನೆಗಳಲ್ಲಿ ಇದನ್ನು ಬರೆದುಕೊಳ್ಳಲು ಜಾಗವಿಲ್ಲ. ಸಭೆಗೆ ಬಂದು ಸಹಿ ಹಾಕಿದರೆ ಮಾತ್ರ ಅದು ಪಾಲಕರ ಭಾಗವಹಿಸುವಿಕೆ.

ಹಾಗೆ ಉಳಿದ ಆಯಿಯನ್ನು ಸಭೆಗೆ ಯಾಕೆ ಬರಲಿಲ್ಲ ಎಂದು ಕೇಳಿದರೆ ಬರುವ ಉತ್ತರ ನಮಗೆಲ್ಲ ಬಾಯಿಪಾಠ. "ನಾ ಅಡಾಣಿ ಅದೀನ್ರಿ ಸರ. ಸಾಲಿ ಒಳಗ ಬಂದು ಏನಂತ ಮಾತಾಡ್ಲಿ? ನೀವ ನೋಡ್ಕೋರಿ, ನಿಮ್ಮ ಉಡ್ಯಾಗ ಹಾಕೀವಿ." ಮಗುವನ್ನು ಉಡಿಯಲ್ಲಿ ಹಾಕಿದ್ದೇವೆ ಎನ್ನುವವರಿಗೆ ಆಸಕ್ತಿ ಇಲ್ಲ ಎನ್ನಲಾದೀತೆ? ಆ ಮಾತಿನಲ್ಲಿ ವಿಶ್ವಾಸ ಇದೆ, ಭಯವೂ ಇದೆ. ಶಾಲೆ ತನ್ನದಲ್ಲ, ಅದು ಓದು ಬಲ್ಲವರದು ಎಂಬ ಭಯ. ಆಯಿ ಮಾಡುತ್ತಿರುವುದನ್ನು ಒಂದಿಷ್ಟು ನೋಡಿ: ನಸುಕಿಗೆದ್ದು ರೊಟ್ಟಿ ಬಡಿದು ಮೊಮ್ಮಗನನ್ನು ಶಾಲೆಯ ಗೇಟಿನವರೆಗೆ ಬಿಟ್ಟು, ಆಮೇಲೆ ಹೊಲಕ್ಕೆ ಹೋಗುತ್ತಾಳೆ. ಆದರೆ ಗೇಟು ದಾಟುವುದಿಲ್ಲ.

ಕಾನೂನು ಆಕೆಗೆ ಗೇಟು ದಾಟುವ ಹಕ್ಕನ್ನು ಆಗಲೇ ಕೊಟ್ಟಿದೆ. ಡಾ. ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆಯ ಸಲಹೆಯ ಮೇಲೆ ಕರ್ನಾಟಕದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಾದ ಎಸ್‌ಡಿಎಂಸಿಗಳು ಹುಟ್ಟಿದ್ದು 2001ರಲ್ಲಿ, ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆಗಿಂತ ಎಂಟು ವರ್ಷ ಮುಂಚೆ. ಇದು ನಾವು ಹೆಮ್ಮೆಪಡಬೇಕಾದ ವಿಷಯ. 2009ರ ಕಾಯ್ದೆಯ 21ನೆಯ ಕಲಮು ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ-ತಾಯಿ ಇಲ್ಲವೆ ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು, ದುರ್ಬಲ ವರ್ಗದ ಪಾಲಕರಿಗೆ ಅವರ ಪ್ರಮಾಣಕ್ಕೆ ತಕ್ಕ ಪಾಲು ಸಿಗಬೇಕು ಎನ್ನುತ್ತದೆ. ಇಲ್ಲಿ "ಪೋಷಕರು" ಎಂದರೆ ಮಗುವನ್ನು ತಮ್ಮ ಆರೈಕೆಯಲ್ಲಿ ಇಟ್ಟುಕೊಂಡವರು. ಆರು ತಿಂಗಳು ಮೊಮ್ಮಗನನ್ನು ಸಾಕುವ ಆಯಿ ಅದರಲ್ಲಿ ಬರುತ್ತಾಳೆ. ಹಾಗಿದ್ದೂ ಎಷ್ಟು ಶಾಲೆಗಳ ಸಮಿತಿಯಲ್ಲಿ ಗುಳೆ ಮನೆಯ ಆಯಿ ಒಬ್ಬಳಿದ್ದಾಳೆ? ವರ್ಷವಿಡೀ ಊರಲ್ಲೇ ಇರುವವರು, ಪಂಚಾಯಿತಿಯ ಹತ್ತಿರದವರು, ಹೆಚ್ಚಾಗಿ ಅವರೇ ಸಮಿತಿಯಲ್ಲಿ. ಸಿಗುತ್ತಾರೆ ಎಂಬುದೇ ಅವರ ಅರ್ಹತೆ. ಗುಳೆ ಹೋಗುವವರು "ಸಿಗುವುದಿಲ್ಲ" ಎಂದು ಬಿಟ್ಟುಹೋಗುತ್ತಾರೆ. ಯಾರ ಮಕ್ಕಳು ಶಾಲೆ ಬಿಡುವ ಅಂಚಿನಲ್ಲಿದ್ದಾರೋ ಅವರದೇ ಮಾತು ಸಮಿತಿಯಲ್ಲಿ ಇರುವುದಿಲ್ಲ. 2023ರ ಜನವರಿಯಲ್ಲಿ ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ ನಮ್ಮ ಜಿಲ್ಲೆಯೂ ಸೇರಿ ಐದು ಜಿಲ್ಲೆಗಳ ತಾಂಡಾ ಜನರಿಗೆ ಹಕ್ಕುಪತ್ರ ಸಿಕ್ಕಿತು. ಕಂದಾಯ ದಾಖಲೆಯಲ್ಲಿ ತಾಂಡಾಕ್ಕೆ ಜಾಗ ಸಿಗುತ್ತಿದೆ. ಶಾಲಾ ಸಮಿತಿಯಲ್ಲಿಯೂ ಸಿಗಲಿ.

ಭಾಷೆಯ ಮಾತಿಗೆ ಬರೋಣ. ತಾಂಡಾದ ಮಗು ಒಂದನೆಯ ತರಗತಿಗೆ ಬರುವಾಗ ಅವ್ವನನ್ನು ಯಾಡಿ ಎನ್ನುತ್ತದೆ, ರೊಟ್ಟಿಗೆ ಬಾಟಿ, ನೀರಿಗೆ ಪಾಣಿ. ಅದು ಗೋರಬೋಲಿ. ಜನಗಣತಿಯಲ್ಲಿ ಆ ಮಾತನ್ನು ಹಿಂದಿಯ ಅಡಿಯಲ್ಲಿ ಸೇರಿಸಿ ಎಣಿಸುತ್ತಾರೆ, ನಮ್ಮ ಶಾಲೆಗಳಲ್ಲಿ ಅದನ್ನು ಎಣಿಸುವುದೇ ಇಲ್ಲ. ಮಗು ವರ್ಷದೊಳಗೆ ಕನ್ನಡ ಕಲಿತುಬಿಡುತ್ತದೆ, ಮಕ್ಕಳ ಶಕ್ತಿ ಅಂಥದು. ಕಷ್ಟ ತಾಯಿಯದು. ಆಕೆಗೆ ಸಂತೆಯ ಕನ್ನಡ, ಹೊಲದ ಕನ್ನಡ ಚೆನ್ನಾಗಿ ಬರುತ್ತದೆ. ಆದರೆ ಸಭೆಯಲ್ಲಿ ನಾವು ಆಡುವುದು ಯಾವ ಕನ್ನಡ? ಕಲಿಕಾ ಫಲ, ಕಲಿಕಾ ಚೇತರಿಕೆ, ರೂಪಣಾತ್ಮಕ ಮೌಲ್ಯಮಾಪನ, ಸಮುದಾಯದ ಸಹಭಾಗಿತ್ವ. ಈ ಕನ್ನಡ ಬಸವನ ಬಾಗೇವಾಡಿಯ ಕನ್ನಡ ಮನೆಯವಳಿಗೂ ತಿಳಿಯುವುದಿಲ್ಲ, ಇನ್ನು ತಾಂಡಾದ ತಾಯಿಗೆ ಹೇಗೆ ತಿಳಿದೀತು? "ನಿಮ್ಮ ಹುಡುಗಿ ಕೂಡಿಸೂದು ಮಾಡ್ತಾಳ, ಕಳಿಯೂದು ಇನ್ನಾ ಬರವಲ್ದು, ಮನ್ಯಾಗ ದಿನಾ ಹತ್ತು ಲೆಕ್ಕ ಮಾಡಸ್ರಿ" ಎಂದರೆ ಮಾತು ಮುಗಿಯಿತು. ಅದನ್ನೇ ತಾಂಡಾದ ಅಂಗನವಾಡಿ ಕಾರ್ಯಕರ್ತೆಯಿಂದಲೋ ಡಿಗ್ರಿ ಓದುತ್ತಿರುವ ಹುಡುಗನಿಂದಲೋ ಗೋರಬೋಲಿಯಲ್ಲಿ ಹೇಳಿಸಿದರೆ ಇನ್ನೂ ಒಳ್ಳೆಯದು. ಅಂಥ ಹುಡುಗರು ಈಗ ಅನೇಕ ತಾಂಡಾಗಳಲ್ಲಿ ಇದ್ದಾರೆ. ಸಿಂದಗಿ, ತಾಳಿಕೋಟೆಯ ದಖನಿ ಮನೆಗಳಿಗೂ ಚಡಚಣದ ಗಡಿಯ ಮರಾಠಿ ಮನೆಗಳಿಗೂ ಇದೇ ಮಾತು ಸಲ್ಲುತ್ತದೆ.

ಓದು ಬರಹ ಬಾರದ ತಾಯಂದಿರಿಂದ ಶಾಲೆ ಏನು ಕಲಿಯಬಹುದು ಎಂದು ಕೇಳುವವರಿಗೆ ಉತ್ತರ ನಮ್ಮ ನೆಲದಲ್ಲೇ ಇದೆ. ಆಗ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿ ಎಂಬ ಹಳ್ಳಿಯಲ್ಲಿ ಕೆಲವು ಗೆಳೆಯರು ಕೂಡಿದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ ಕಾಪಸೆ. ಇವರಲ್ಲಿ ಸಿಂಪಿ ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಶಿಕ್ಷಕರು, ಅಂದರೆ ನಿಮ್ಮ ವೃತ್ತಿಯವರೇ. ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಮುಂದೆ ಹೆಂಗಸರು ಹಾಡುತ್ತಿದ್ದ ಹಾಡುಗಳನ್ನು ಈ ಗೆಳೆಯರು ಕೂತು ಕೇಳಿದರು, ಬರೆದುಕೊಂಡರು. 1931ರಲ್ಲಿ "ಗರತಿಯ ಹಾಡು" ಪುಸ್ತಕವಾಗಿ ಬಂತು. ಒಂದಕ್ಷರ ಬರೆಯಲು ಬಾರದ ತಾಯಂದಿರ ಮಾತನ್ನು ಕನ್ನಡದ ವಿದ್ವಾಂಸರು ಕಾವ್ಯವೆಂದು ಓದತೊಡಗಿದರು. ಹಲಸಂಗಿಯ ಗೆಳೆಯರು ಆ ಹೆಂಗಸರಿಗೆ ಉಪದೇಶ ಮಾಡಲು ಹೋದವರಲ್ಲ, ಕೇಳಲು ಹೋದವರು. ನಮ್ಮ ಜಿಲ್ಲೆಯ ಶಿಕ್ಷಕ ಪರಂಪರೆ ಅದು. ತೊಂಬತ್ತು ವರ್ಷಗಳ ಹಿಂದೆ ಸಾಧ್ಯವಾದದ್ದು ಈಗ ಸಾಧ್ಯವಿಲ್ಲ ಎಂದು ನಾನು ಒಪ್ಪಲಾರೆ.

ಬಹಳ ದೂರದಲ್ಲಿ, ಅಮೆರಿಕದ ಅರಿಝೋನಾ ರಾಜ್ಯದ ಟೂಸಾನ್ ನಗರದಲ್ಲಿ, ಹೆಚ್ಚು ಕಡಿಮೆ ಇದನ್ನೇ ಶಾಲೆಯ ಕೆಲಸವಾಗಿ ಮಾಡಿ ನೋಡಿದರು. ಮೆಕ್ಸಿಕೋ ಗಡಿಗೆ ಹತ್ತಿರದ ಆ ಊರಿನಲ್ಲಿ ಲೂಯಿಸ್ ಮೋಲ್ ಎಂಬ ಪ್ರಾಧ್ಯಾಪಕರೂ ಅವರ ಸಂಗಡಿಗರೂ ಶಾಲಾ ಶಿಕ್ಷಕಿಯರೊಡನೆ ಸೇರಿ ಮೆಕ್ಸಿಕೋ ಮೂಲದ ದುಡಿಯುವ ಕುಟುಂಬಗಳ ಮನೆಗಳಿಗೆ ಹೋದರು. ಮಗುವಿನ ತಪ್ಪು ಹೇಳಲಿಕ್ಕಲ್ಲ, ಆ ಮನೆಯವರಿಗೆ ಏನೇನು ಗೊತ್ತಿದೆ ಎಂದು ತಿಳಿಯಲಿಕ್ಕೆ. ಬೇಸಾಯ, ದನಕರು, ಗಣಿ ಕೆಲಸ, ಕಟ್ಟಡ, ಗಿಡಮೂಲಿಕೆ, ಗಡಿಯಾಚೆ ಈಚೆಯ ವ್ಯಾಪಾರ, ಎಲ್ಲದರ ಜ್ಞಾನ ಆ ಮನೆಗಳಲ್ಲಿತ್ತು. ಒಬ್ಬ ಹುಡುಗ ಮೆಕ್ಸಿಕೋದಿಂದ ತಂದ ಮಿಠಾಯಿ ಮಾರುತ್ತಾನೆಂದು ತಿಳಿದ ಶಿಕ್ಷಕಿ ಆ ಮಿಠಾಯಿಯ ಸುತ್ತಲೇ ಪಾಠ ಕಟ್ಟಿದರು. ತಾಯಿಯೊಬ್ಬಳು ತರಗತಿಗೆ ಬಂದು ಮಿಠಾಯಿ ಮಾಡಿ ತೋರಿಸಿದಳು. ಆ ದಿನ ಶಾಲೆಯಲ್ಲಿ ಪಾಠ ಹೇಳಿದವಳು ಆಕೆ. ಈ ಕೆಲಸದ ವರದಿ 1992ರಲ್ಲಿ ಪ್ರಕಟವಾಗಿ ಲೋಕದ ತುಂಬ ಓದಲ್ಪಟ್ಟಿತು.

ನಮ್ಮಲ್ಲಿ ಆ ಪಾಠ ಕಬ್ಬಿನದಾಗಬಹುದು. ಟನ್ನಿಗೆ ದರ ಎಷ್ಟು, ಗಂಡ-ಹೆಂಡತಿ ದಿನಕ್ಕೆ ಎಷ್ಟು ಟನ್ ಕಡಿಯುತ್ತಾರೆ, ಎತ್ತಿದ ಉಚಲು ಎಷ್ಟು, ಮುಕಾದಮನ ಕಮಿಷನ್ ಎಷ್ಟು, ಹುಷಾರಿಲ್ಲದೆ ಕೂತ ದಿನಗಳು ಎಷ್ಟು, ಕೊನೆಗೆ ಕೈಗೆ ಉಳಿಯುವುದು ಎಷ್ಟು? ಗುಣಾಕಾರ, ಭಾಗಾಕಾರ, ಶೇಕಡಾವಾರು ಎಲ್ಲ ಈ ಒಂದು ಲೆಕ್ಕದಲ್ಲಿವೆ. ಅಕ್ಷರ ಬಾರದ ತಾಯಿ ಈ ಲೆಕ್ಕವನ್ನು ಬೆರಳ ಗೆಣ್ಣಿನಲ್ಲಿ ಮಾಡುತ್ತಾಳೆ. ಆಕೆಯನ್ನು ಒಂದು ದಿನ ತರಗತಿಗೆ ಕರೆದು, "ಯವ್ವಾ, ಹೆಂಗ ಲೆಕ್ಕ ಹಿಡೀತಿ, ಹುಡುಗರಿಗೆ ಹೇಳು" ಎಂದರೆ ಆಕೆ ಹೇಳುತ್ತಾಳೆ, ನೀವು ಹಲಗೆಯ ಮೇಲೆ ಬರೆಯಿರಿ. ಆಕೆ ಹೇಳಿದ್ದು, ಮಾಸ್ತರರು ಬರೆದದ್ದು ಎರಡೂ ತಾಳೆಯಾದಾಗ ಅವಳ ಮಗಳು ಗಣಿತವನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ಜೊತೆಗೆ ಮುಕಾದಮನ ಚೀಟಿಯಲ್ಲಿ ಏನಾದರೂ ಹೆಚ್ಚುಕಡಿಮೆ ಇದ್ದರೆ ಅದೂ ಹೊರಗೆ ಬೀಳುತ್ತದೆ. ಓದಿನಿಂದ ಏನು ಉಪಯೋಗ ಎಂದು ಆ ಮನೆಗೆ ಬೇರೆ ಭಾಷಣ ಬೇಕಾಗುವುದಿಲ್ಲ.

ಗೋವಾದ ಕತೆ ಸ್ವಲ್ಪ ಬೇರೆ. ವಾಸ್ಕೋ, ಝುವಾರಿನಗರ ಭಾಗದಲ್ಲಿ ನಮ್ಮ ಜಿಲ್ಲೆಯ, ಬಾಗಲಕೋಟೆ, ಗದಗ ಜಿಲ್ಲೆಗಳ ಸಾವಿರಾರು ಕುಟುಂಬಗಳು ಎರಡು ಮೂರು ತಲೆಮಾರಿನಿಂದ ಇವೆ. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ಅವನ್ನು ಉಳಿಸಿಕೊಂಡು ಬಂದ ಶಿಕ್ಷಕರಿಗೆ, ಕನ್ನಡ ಸಂಘಗಳಿಗೆ ಈ ವೇದಿಕೆಯಿಂದ ನಮಸ್ಕಾರ. ಆದರೆ ಬಹಳಷ್ಟು ಮಕ್ಕಳು ಈಗ ಇಂಗ್ಲಿಷ್, ಕೊಂಕಣಿ, ಮರಾಠಿ ಶಾಲೆಗಳಲ್ಲಿದ್ದಾರೆ. ಇಲ್ಲಿ ತಾಂಡಾದ ತಾಯಿಗೆ ಆಗುವುದೇ ಅಲ್ಲಿ ನಮ್ಮ ಕನ್ನಡದ ತಾಯಿಗೆ ಆಗುತ್ತದೆ. ಡೈರಿಯಲ್ಲಿ ಇಂಗ್ಲಿಷ್ ಚೀಟಿ ಬರುತ್ತದೆ. ಅದನ್ನು ಓದಿ ಹೇಳುವವನು ಆ ಹುಡುಗನೇ. ಅವನ ಮೇಲಿನ ದೂರನ್ನು ಅವನೇ ಕನ್ನಡಕ್ಕೆ ತಿರುಗಿಸಿ ಹೇಳಬೇಕು. ಎಷ್ಟು ಹೇಳುತ್ತಾನೆ, ಎಷ್ಟು ನುಂಗುತ್ತಾನೆ ಎಂದು ತಾಯಿಗೆ ತಿಳಿಯುವ ದಾರಿಯಿಲ್ಲ. ಶಿಕ್ಷಕಿಯ ಮುಂದೆ ನಿಂತಾಗಲೂ ಅವನೇ ನಡುವೆ. ತಾಯಿ-ಮಗನ ನಡುವಿನ ಮರ್ಯಾದೆ ಸಣ್ಣಗೆ ಸವೆಯುವುದು ಹೀಗೆ. 2015ರಲ್ಲಿ ಬೈನಾ ಕಡಲತಡಿಯ ಗುಡಿಸಲುಗಳನ್ನು ತೆರವು ಮಾಡಿದಾಗ ಎಷ್ಟೋ ಕನ್ನಡ ಕುಟುಂಬಗಳು ನೆಲೆ ತಪ್ಪಿದವು. ಅಂಥ ಪೆಟ್ಟು ಬಿದ್ದಾಗ ಮಗು ಮುದ್ದೇಬಿಹಾಳದ ಅಜ್ಜಿ ಮನೆಗೆ ಮರಳಿ ಬಂದು ನಮ್ಮ ಕನ್ನಡ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತದೆ. ಅದು ದಡ್ಡ ಮಗುವಲ್ಲ. ಎರಡು ಮೂರು ಭಾಷೆ ಬಲ್ಲ ಮಗು.

ನಾವು ಕಳಿಸುವವರಷ್ಟೇ ಅಲ್ಲ, ಬರಮಾಡಿಕೊಳ್ಳುವವರೂ ಹೌದು. 1964ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಅಣೆಕಟ್ಟು ಎಷ್ಟೋ ಊರುಗಳನ್ನು ಮುಳುಗಿಸಿತು, ಬಹಳ ತಡವಾಗಿ ಕೆಲವು ಹೊಲಗಳಿಗೆ ನೀರನ್ನೂ ತಂದಿತು. ನೀರು ಬಂದಲ್ಲಿ ಕಬ್ಬು ಬಂತು. ಇಂಡಿ ತಾಲ್ಲೂಕಿನ ಮರಗೂರಿನಲ್ಲಿ ಭೀಮಾಶಂಕರ ಸಹಕಾರಿ ಕಾರ್ಖಾನೆ ಎದ್ದಿತು. ಈಗ ನಮ್ಮವರು ಕಡಿಯಲು ಹೊರಗೆ ಹೋಗುವ ಹೊತ್ತಿಗೆ ಮಹಾರಾಷ್ಟ್ರದ ಬೀಡ ಕಡೆಯವರು ಕಡಿಯಲು ಈ ಕಡೆ ಬರುತ್ತಾರೆ. ಅವರ ಗುಡಿಸಲು ಕಬ್ಬಿನ ಗದ್ದೆಯ ಅಂಚಿನಲ್ಲಿ, ಕೆಲವೊಮ್ಮೆ ನಮ್ಮ ಶಾಲೆಯ ಕಾಂಪೌಂಡಿಗೆ ಹತ್ತಿರದಲ್ಲೇ. ಅವಿಭಜಿತ ಬಾಗೇವಾಡಿ ತಾಲ್ಲೂಕಿನ ಕೂಡ್ಗಿಯಲ್ಲಿ 2,400 ಮೆಗಾವಾಟ್‌ನ ವಿದ್ಯುತ್ ಸ್ಥಾವರ ಎದ್ದಾಗ ಹಿಂದಿ ಮಾತಾಡುವ ಕೂಲಿಯವರೂ ಬಂದರು. ವಲಸೆ ಕುಟುಂಬಗಳ ಮಕ್ಕಳ ದಾಖಲಾತಿಯನ್ನು ಸ್ಥಳೀಯ ಪ್ರಾಧಿಕಾರ ಖಾತ್ರಿಪಡಿಸಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 9ನೆಯ ಕಲಮಿನಲ್ಲಿದೆ. ಬೀಡದ ಮಗು ಬಂದು ಕೂತರೆ ಮರಾಠಿಯಲ್ಲಿ ನಾಲ್ಕು ಮಾತಾಡಿಸಬಲ್ಲ ಶಿಕ್ಷಕರು ಇಂಡಿ, ಚಡಚಣದಲ್ಲಿ ಬೇಕಾದಷ್ಟು ಜನ ಇದ್ದಾರೆ. ಸಾಂಗಲಿಯ ಮಾಸ್ತರರು ನಮ್ಮ ತಾಂಡಾದ ಮಗುವನ್ನು ಕರೆದು ಕೂರಿಸಿಕೊಳ್ಳಲಿ ಎಂದು ಬಯಸುವ ನಾವು ಬೀಡದ ಮಗುವನ್ನು ಮೊದಲು ಕರೆಯಬೇಕು.

ಕಾಗದಪತ್ರದ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಪಡಿತರ ಚೀಟಿ ಈಗ ದೇಶದ ಯಾವ ಅಂಗಡಿಯಲ್ಲಾದರೂ ನಡೆಯುತ್ತದೆ. ಮಗುವಿನ ಓದು ಹಾಗೆ ನಡೆಯುವುದಿಲ್ಲ. ಕಾಯ್ದೆಯ 5ನೆಯ ಕಲಮಿನ ಪ್ರಕಾರ ಮುಖ್ಯ ಶಿಕ್ಷಕರು ಟಿಸಿಯನ್ನು ಕೂಡಲೇ ಕೊಡಬೇಕು, ಟಿಸಿ ತಡವಾಯಿತೆಂದು ಇನ್ನೊಂದು ಶಾಲೆ ಮಗುವನ್ನು ಹೊರಗಿಡುವಂತಿಲ್ಲ. ಇದು ಪಾಲಕರಿಗೆ ಗೊತ್ತಿಲ್ಲ. ಹೋಗುವ ಮುನ್ನ ಒಂದು ಹಾಳೆಯಲ್ಲಿ ಮಗುವಿನ ಹೆಸರು, ತರಗತಿ, ಇಲಾಖೆಯ ಸ್ಯಾಟ್ಸ್ ದಾಖಲೆಯ ಸಂಖ್ಯೆ, ಎಲ್ಲಿಯವರೆಗೆ ಓದಿದೆ ಎಂಬುದನ್ನು ಬರೆದು ಶಾಲೆಯ ಮೊಹರು ಹಾಕಿ ಕೊಟ್ಟರೆ ಸಾಕು. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿ ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತದೆ. ಜತ್ತ, ಅಕ್ಕಲಕೋಟೆಯಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಆ ಭಾಗಕ್ಕೆ ಹೋಗುವ ಕುಟುಂಬಕ್ಕೆ ಇಷ್ಟು ಮಾಹಿತಿ ಕೊಡುವವರು ಶಿಕ್ಷಕರಲ್ಲದೆ ಇನ್ನಾರು?

ಋತುಮಾನದ ವಸತಿ ನಿಲಯಗಳೂ ಟೆಂಟ್ ಶಾಲೆಗಳೂ ಬೇಕು. ಗ್ರಾಮ ಪಂಚಾಯಿತಿಗಳ ಕೂಸಿನ ಮನೆಯಂಥ ವ್ಯವಸ್ಥೆ ಗದ್ದೆಯ ಹತ್ತಿರವೇ ಸಿಗುವಂತಾದರೆ ಟ್ರೇಲರಿನ ಮೇಲೆ ಕೂತ ಆ ಹುಡುಗಿ ಊರಲ್ಲೇ ಉಳಿದಾಳು. ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಕರ್ನಾಟಕ ಹೈಕೋರ್ಟು 2013ರಲ್ಲಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡ ಮೇಲೆ ಸಮೀಕ್ಷೆ, ಆದೇಶಗಳು ಹೆಚ್ಚಿದವು. ಅವೆಲ್ಲ ಸರ್ಕಾರದ ಕೆಲಸ. ನಾನು ಇವತ್ತು ಕೇಳುತ್ತಿರುವುದು ಶಾಲೆಯ ಕೈಯಲ್ಲೇ ಇರುವುದನ್ನು.

ವರ್ಷಕ್ಕೆ ಎರಡು ಪಾಲಕರ ಸಭೆಗಳನ್ನು ಗುಳೆಯ ಕ್ಯಾಲೆಂಡರಿಗೆ ಹೊಂದಿಸಿ. ಒಂದು, ಟ್ರ್ಯಾಕ್ಟರು ಬರುವ ಮೊದಲು, ದೀಪಾವಳಿಯ ಸುಮಾರಿಗೆ. ದೀಪಾವಳಿ ತಾಂಡಾಕ್ಕೆ ದೊಡ್ಡ ಹಬ್ಬ, ಹುಡುಗಿಯರು ಮೇರಾ ಎಂಬ ಹಾರೈಕೆ ಹೇಳುತ್ತ ಮನೆಮನೆಗೆ ಹೋಗುವ ಹಬ್ಬ. ದೂರದಲ್ಲಿರುವವರೂ ಆಗ ಊರಿಗೆ ಬಂದಿರುತ್ತಾರೆ. ಇನ್ನೊಂದು, ಯುಗಾದಿಯ ಸುಮಾರಿಗೆ, ಅವರು ಮರಳಿ ಬಂದ ಮೇಲೆ. ಎರಡೂ ಸಭೆ ತಾಂಡಾದಲ್ಲೇ, ಸೇವಾಲಾಲ ಗುಡಿಯ ಕಟ್ಟೆಯ ಮೇಲೆ, ಹೆಂಗಸರ ಅಡಿಗೆ ಮುಗಿದ ರಾತ್ರಿಯ ಹೊತ್ತಿಗೆ ನಡೆಯಲಿ. ಹಗಲು ಕರೆದರೆ ಕೂಲಿ ತಪ್ಪುತ್ತದೆ. 2025-26ರ ಉದ್ಯೋಗ ಖಾತ್ರಿ ದರದಲ್ಲಿ ಲೆಕ್ಕ ಹಾಕಿದರೂ ಅದು ದಿನಕ್ಕೆ 370 ರೂಪಾಯಿ. ಅಷ್ಟು ತೆತ್ತು ಸಭೆಗೆ ಬರಬೇಕೆಂದು ನಾವು ಯಾರನ್ನೂ ಕೇಳಲಾಗದು. ನೋಟಿಸು ಬೇಡ. ತಾಂಡಾದ ನಾಯಕ, ಕಾರಭಾರಿಯನ್ನು ಕಂಡು ಹೇಳಿದರೆ ಎಲ್ಲರಿಗೂ ಮುಟ್ಟುತ್ತದೆ.

ಮೊದಲ ಸಭೆಯಲ್ಲಿ ಕೇಳಬೇಕಾದದ್ದು ಮೂರೇ ಮಾತು. ಎಲ್ಲಿಗೆ ಹೋಗುತ್ತೀರಿ? ಮಗು ಜೊತೆಗೆ ಬರುತ್ತದೋ, ಇಲ್ಲಿ ಉಳಿಯುತ್ತದೋ? ಉಳಿದರೆ ಯಾರ ಹತ್ತಿರ, ಅವರ ಫೋನ್ ನಂಬರ್ ಏನು? ಎರಡನೆಯ ಸಭೆಯಲ್ಲಿ ಮಗು ಕಳೆದುಕೊಂಡ ಪಾಠ ಯಾವುದು, ರಜೆಯಲ್ಲಿ ಅದನ್ನು ಹೇಗೆ ತುಂಬುವುದು ಎಂದು ಮಾತಾಡಿ. ನಡುವಿನ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಶಾಲೆಯ ಫೋನಿನಿಂದ ಮಗು ತನ್ನ ಅವ್ವನ ಜೊತೆ ಮಾತಾಡಲಿ, ಆಮೇಲೆ ಮಾಸ್ತರರು ಒಂದು ನಿಮಿಷ ಮಾತಾಡಲಿ. ಮುಕಾದಮನ ನಂಬರು ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಇರಲಿ. ಮಕ್ಕಳನ್ನು ಕೆಲಸಕ್ಕೆ ಹಚ್ಚಿದರೆ ಶಾಲೆಗೆ ಗೊತ್ತಾಗುತ್ತದೆ ಎಂಬ ಅರಿವೂ ಅವನಿಗಿರಲಿ.

ಶಿಕ್ಷಕರ ಮೇಲಿನ ಹೊರೆ ನನಗೆ ಗೊತ್ತು. ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಗಳು, ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ದಿನಕ್ಕೊಂದು ಆ್ಯಪ್. ಅದಕ್ಕೇ ಇಲಾಖೆಯ ಅಧಿಕಾರಿಗಳಲ್ಲಿ ನನ್ನ ವಿನಂತಿ: ಈ ಎರಡು ಸಭೆಗಳನ್ನು ಈಗಿರುವ ಸಭೆಗಳ ಮೇಲೆ ಹೇರಬೇಡಿ, ಅವುಗಳ ಬದಲಿಗೆ ನಡೆಸಲು ಬಿಡಿ. ತಾಂಡಾದ ಶಾಲೆಗೆ ಸಭೆಯ ತಾರೀಖನ್ನು ತಾನೇ ಗೊತ್ತುಮಾಡುವ ಅಧಿಕಾರ ಕೊಡಿ. ಫೋಟೊ ಅಪ್‌ಲೋಡ್ ಮಾಡಿ ಎಂದು ಕೇಳಬೇಡಿ. ರಾತ್ರಿ ತಾಂಡಾಕ್ಕೆ ಹೋದ ಶಿಕ್ಷಕರಿಗೆ ಮರುದಿನ ಅರ್ಧ ದಿನದ ರಜೆ ಕೊಡಿ.

ಎಸ್‌ಡಿಎಂಸಿ ಅಧ್ಯಕ್ಷರುಗಳೇ, ಮುಂದಿನ ಸಲ ಸಮಿತಿ ರಚಿಸುವಾಗ ಗುಳೆ ಮನೆಯ ಒಬ್ಬ ತಾಯಿಯನ್ನೂ ಒಬ್ಬ ಆಯಿಯನ್ನೂ ಸೇರಿಸಿಕೊಳ್ಳಿ. ತಾಯಿ ಊರಲ್ಲಿರುವಾಗ ತಾಯಿ ಬರಲಿ, ಇಲ್ಲದಾಗ ಆಯಿ ಬರಲಿ. ಶಿಕ್ಷಕ ಬಂಧುಗಳೇ, ಈ ವರ್ಷದ ದಸರೆ ರಜೆಗೆ ಬೀಗ ಹಾಕುವ ಮೊದಲು ನಿಮ್ಮ ಹಾಜರಿ ಪುಸ್ತಕ ತೆರೆದು, ಹೋದ ವರ್ಷ ನವೆಂಬರ್‌ನಿಂದ ಗೈರಾದ ಮಕ್ಕಳ ಹೆಸರುಗಳನ್ನು ಒಂದು ಹಾಳೆಗೆ ಇಳಿಸಿಕೊಳ್ಳಿ. ಆ ಹಾಳೆ ಹಿಡಿದುಕೊಂಡು ಅವರ ತಾಂಡಾಕ್ಕೆ, ಅವರ ಓಣಿಗೆ ಹೋಗಿ. ಟ್ರ್ಯಾಕ್ಟರು ಬರುವುದಕ್ಕಿಂತ ಮೊದಲೇ ಹೋಗಿ.